ಮೆಫಿಸ್ಟೋನನ್ನು ಹುಡುಕುವಾಗ ಕಾಣದೇ ಹೋದವಳು

2021ರ ಜನವರಿಯಲ್ಲಿ ‘ವಾಂಡಾವಿಷನ್’ ಶುರುವಾಯ್ತು. ಒಟ್ಟು 9 ಎಪಿಸೋಡ್. ವಾರ ವಾರವೂ ಅಭಿಮಾನಿಗಳ ದೊಡ್ಡ ಥಿಯರಿ ಒಂದೇ: ಇದೆಲ್ಲದರ ಹಿಂದೆ ಮೆಫಿಸ್ಟೋ ಇದ್ದಾನೆ. ಕಾಮಿಕ್ಸ್‌ನಲ್ಲಿ ವಾಂಡಾಳ ಅವಳಿ ಮಕ್ಕಳ ಕಥೆಗೂ ಅವನಿಗೂ ನಂಟಿದೆ. ಹಾಗಾಗಿ ಆಧಾರವೇ ಇಲ್ಲದ ಊಹೆ ಅನ್ನೋಕಾಗಲ್ಲ. 5ನೇ ಎಪಿಸೋಡಿನ ಕೊನೆಗೆ ಎಕ್ಸ್-ಮೆನ್ ಸಿನಿಮಾಗಳ ಇವಾನ್ ಪೀಟರ್ಸ್ ಬಾಗಿಲಲ್ಲಿ ನಿಂತಾಗ ಇನ್ನೊಂದು ಥಿಯರಿ: ಎರಡು ಲೋಕ ಒಂದಾಗ್ತಿವೆ!

ಕೊನೆಗೆ ಏನಾಯ್ತು? ಪೀಟರ್ಸ್ ಮಾಡಿದ್ದು ಅದೇ ಊರಿನ ರಾಲ್ಫ್ ಪಾತ್ರ, ಅಷ್ಟೇ. ಮೆಫಿಸ್ಟೋ ಬರಲೇ ಇಲ್ಲ. ಬಂದದ್ದು 2025ರಲ್ಲಿ, ‘ಐರನ್‌ಹಾರ್ಟ್’ ಎಂಬ ಬೇರೆ ಸರಣಿಯಲ್ಲಿ. ಅನೇಕರಿಗೆ ಬೇಜಾರಾಯ್ತು.

ಆದರೆ ಗಮನಿಸಿ. ಪ್ರೀತಿಸಿದವನನ್ನು ಕಳಕೊಂಡ ಒಬ್ಬಳ ದುಃಖ, ಆ ದುಃಖಕ್ಕೆ ಒಂದಿಡೀ ಊರು ಸೆರೆಯಾದದ್ದು. ಕಥೆ ಹೇಳಿದ್ದು ಇದನ್ನೇ. ಮರೆಯಲ್ಲಿರುವವನನ್ನು ಹುಡುಕೋ ಭರದಲ್ಲಿ ಕಣ್ಣೆದುರಿದ್ದ ವಾಂಡಾ ಕಾಣದೇ ಹೋದಳು.

ಹಾಗಾದರೆ ಥಿಯರಿ ಮಾಡಬಾರದಾ? ಮಾಡಿ. ಅದು ಗಮನವಿಟ್ಟು ನೋಡೋದನ್ನ ಕಲಿಸುತ್ತೆ. ಆದರೆ ಮೂರು ಪ್ರಶ್ನೆ ಕೇಳ್ಕೊಳ್ಳಿ. ಒಂದು, ಇದು ಕಥೆಯಲ್ಲಿದೆಯಾ, ನನ್ನ ಆಸೆಯಲ್ಲಿದೆಯಾ? ಎರಡು, ಏನು ಗೊತ್ತಾದರೆ ಈ ಥಿಯರಿ ಬಿಡ್ತೀನಿ? ಮೂರು, ಈ ಗದ್ದಲದಲ್ಲಿ ಯಾರ ನೋವು ನನಗೆ ಕೇಳಿಸ್ತಿಲ್ಲ?

ಮೂರನೆಯದು ಟಿವಿ ಆಫ್ ಮಾಡಿದ ಮೇಲೂ ಬೇಕು. ಸ್ನೇಹಿತ ಮೆಸೇಜ್ ನೋಡಿಯೂ ಉತ್ತರ ಕೊಡದಿದ್ದರೆ ನಾವು ಹತ್ತು ಥಿಯರಿ ಕಟ್ಟುತ್ತೇವೆ. ಈ ವಾರ ಒಂದನ್ನೂ ಕಟ್ಟಬೇಡಿ. ಫೋನ್ ಮಾಡಿ, "ಹೇಗಿದ್ದೀಯಾ?" ಅಂತ ಕೇಳಿ.