ಭಯಾನಕದ ಒಡಲಲ್ಲಿ ಕರುಣ

ಭಯಾನಕ ರಸಕ್ಕೆ ಭಯವು ಸ್ಥಾಯಿಭಾವ, ಕರುಣಕ್ಕೆ ಶೋಕ. ಎರಡೂ ಒಂದೇ ಪಾತ್ರವನ್ನು ಆಶ್ರಯಿಸಬಲ್ಲವೆಂಬುದಕ್ಕೆ ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ (1818) ಕಾದಂಬರಿಯು ನಿದರ್ಶನ. ಇದನ್ನು ಆಧರಿಸಿ ಜೇಮ್ಸ್ ವ್ಹೇಲ್ 1931ರಲ್ಲಿ ಚಲನಚಿತ್ರವನ್ನು ನಿರ್ದೇಶಿಸಿದನು. ಬೆಂಗಳೂರು ದಂಡುಪ್ರದೇಶದಲ್ಲಿ 1936ರಲ್ಲಿ ಆರಂಭವಾದ ಪ್ಲಾಜಾದಂತಹ ಮಂದಿರಗಳಲ್ಲಿ ಇಂಗ್ಲಿಷ್ ಚಿತ್ರಗಳನ್ನು ಕಂಡು ಬೆಳೆದವರಿಗೆ ಇಂತಹ ಕಥೆಗಳು ಗ್ರಂಥಕ್ಕಿಂತ ಮೊದಲು ತೆರೆಯ ಮೇಲೆ ಪರಿಚಯವಾಗುವುದು ಸಹಜ. ಆದುದರಿಂದ ಎರಡರ ಭೇದವನ್ನು ಅರಿಯುವುದು ಅವಶ್ಯ.

ಕಾದಂಬರಿಯಲ್ಲಿ ವಿಜ್ಞಾನಿಯು ತಾನು ನಿರ್ಮಿಸಿದ ಜೀವಿಯ ರೂಪಕ್ಕೆ ಹೇಸಿ ಅದನ್ನು ತೊರೆಯುತ್ತಾನೆ, ಹೆಸರನ್ನೂ ಇಡುವುದಿಲ್ಲ. ಆ ಜೀವಿಯು ಗುಡಿಸಲೊಂದರ ಮರೆಯಲ್ಲಿ ಅಡಗಿ, ಮನೆಯವರ ಮಾತುಗಳನ್ನು ಆಲಿಸಿ ಭಾಷೆಯನ್ನು ಕಲಿಯುತ್ತದೆ. ನದಿಯಲ್ಲಿ ಮುಳುಗುತ್ತಿದ್ದ ಹುಡುಗಿಯೊಬ್ಬಳನ್ನು ರಕ್ಷಿಸಿದರೂ ಗುಂಡಿನ ಪೆಟ್ಟೇ ಅದಕ್ಕೆ ಪ್ರತಿಫಲ. ತಿರಸ್ಕಾರವೇ ಅದನ್ನು ಕ್ರೂರವಾಗಿಸುತ್ತದೆ.

ಚಿತ್ರದಲ್ಲಿ ಅದಕ್ಕೆ ಮಾತಿಲ್ಲ. ಸಹಾಯಕನು ಕದ್ದು ತಂದ ಅಪರಾಧಿಯ ಮೆದುಳು ಅದರ ತಲೆಯನ್ನು ಸೇರುತ್ತದೆ. ಹೀಗೆ ಸಂಸ್ಕಾರದ ಲೋಪವು ಹುಟ್ಟಿನ ದೋಷವಾಗಿ ಮಾರ್ಪಟ್ಟಿತು. ಆದರೂ ಬೋರಿಸ್ ಕಾರ್ಲಾಫನ ಮೂಕಾಭಿನಯವು ಕರುಣವನ್ನು ಉಳಿಸಿತು. ಹೂಗಳು ತೇಲುವುದನ್ನು ಕಂಡ ಆ ಜೀವಿಯು ಆಟದ ಭರದಲ್ಲಿ ಬಾಲಕಿಯನ್ನೂ ನೀರಿಗೆ ಎಸೆಯುತ್ತದೆ. ಅವಳು ಮುಳುಗಿದಾಗ ದಿಗಿಲುಗೊಳ್ಳುತ್ತದೆ. ಈ ಭಾಗವನ್ನು ಕತ್ತರಿಸಿದ ಪ್ರತಿಗಳು ದಶಕಗಳ ಕಾಲ ಪ್ರದರ್ಶಿತವಾದುದರಿಂದ ಅರಿಯದೆ ಮಾಡಿದುದು ದುಷ್ಟತನವೆಂದೇ ತೋರಿತು.

ಕೇಡು ಹುಟ್ಟಿನಿಂದಲೇ ಬಂದುದಾದರೆ ಗುರುವಿಗೆ ಕೆಲಸವಿಲ್ಲ. ಅನಾದರದಿಂದ ಬಂದುದೆಂದರೆ ಹೊಣೆಯು ಹಿರಿಯರದಾಗುತ್ತದೆ. ಮೂಲ ಗ್ರಂಥವು ಆ ಹೊಣೆಯನ್ನು ನೆನಪಿಸುತ್ತದೆ. ವಿದ್ಯಾರ್ಥಿಗಳು ಚಿತ್ರವನ್ನು ನೋಡಿದ ಬಳಿಕ ಅದನ್ನೂ ಓದಬೇಕು.