ತೋಳಿನೊಳಗಿನ ವಿದ್ಯುತ್ತು

ಮುಷ್ಟಿಯನ್ನು ಬಿಗಿದಾಗ ಮುಂದೋಳಿನ ಸ್ನಾಯು ಉಬ್ಬುವುದನ್ನು ಎಲ್ಲರೂ ಬಲ್ಲರು. ಅದೇ ಕ್ಷಣದಲ್ಲಿ ಅಲ್ಲಿ ವಿದ್ಯುತ್ತಿನ ಅಲೆಗಳೂ ಏಳುತ್ತವೆ. ಮೆದುಳಿನ ಆಜ್ಞೆ ನರದ ಮೂಲಕ ಬಂದೊಡನೆ ಸ್ನಾಯುವಿನ ಎಳೆಗಳೊಳಕ್ಕೆ ಸೋಡಿಯಂ ಕಣಗಳು ನುಗ್ಗಿ, ಬಳಿಕ ಪೊಟ್ಯಾಸಿಯಂ ಕಣಗಳು ಹೊರಬೀಳುವುದೇ ಇದಕ್ಕೆ ಕಾರಣ. 1849ರ ಸುಮಾರಿಗೆ ಜರ್ಮನಿಯ ಡು ಬೋಯಿ ರೇಮಂಡ್ ಎಂಬ ವಿದ್ವಾಂಸನು ಮನುಷ್ಯನ ತೋಳಿನಲ್ಲಿ ಇದನ್ನು ತೋರಿಸಿದನು. ಚರ್ಮವು ವಿದ್ಯುತ್ತಿಗೆ ಅಡ್ಡಿಯಾಗುವುದೆಂದು ಆತನು ತೋಳಿನ ಮೇಲೆ ಬೊಕ್ಕೆ ಎಬ್ಬಿಸಿ ಆ ಚರ್ಮವನ್ನೇ ತೆಗೆದನಂತೆ! ನಮ್ಮ ಇಯತ್ತೆ ಒಂಬತ್ತನೆಯ ಬಾಲಕ ಬಾಲಿಕೆಯರಿಗೆ ಸ್ಪಿರಿಟಿನಿಂದ ಚರ್ಮವನ್ನು ಒರೆಸುವುದೇ ಸಾಕಾಯಿತು.

ಅವರು ಕಟ್ಟಿದ ಉಪಕರಣ ಸರಳವಾದುದು. ಇ.ಸಿ.ಜಿ.ಗೆ ಬಳಸುವ ಅಂಟುಬಿಲ್ಲೆಗಳು ಮೂರು. ಎರಡನ್ನು ಸ್ನಾಯುವಿನ ಉದ್ದಕ್ಕೆ, ಒಂದನ್ನು ಮೊಣಕೈಯ ಎಲುಬಿನ ಮೇಲೆ ಅಂಟಿಸತಕ್ಕದ್ದು. ಒಂಬತ್ತು ವೋಲ್ಟಿನ ಎರಡು ಬ್ಯಾಟರಿಗಳಿಂದ ನಡೆಯುವ ಚಿಕ್ಕ ಆಂಪ್ಲಿಫಾಯರ್ ಚಿಪ್ಪು, ಬ್ಯಾಟರಿಯ ಮೇಲೆಯೇ ನಡೆಯುವ ಸ್ಪೀಕರು ಮತ್ತು ಲ್ಯಾಪ್‌ಟಾಪು. ಸ್ನಾಯುವಿನ ಸಂಕೇತ ಹೆಚ್ಚೆಂದರೆ ಕೆಲವೇ ಮಿಲಿವೋಲ್ಟು; ಅದನ್ನು ಸುಮಾರು ಸಾವಿರ ಪಟ್ಟು ಹಿಗ್ಗಿಸಬೇಕು.

ನಿಜವಾದ ಕಷ್ಟವಿರುವುದು ಇಲ್ಲಿಯೇ. ಗೋಡೆಯೊಳಗಿನ ತಂತಿಗಳಲ್ಲಿ ಸೆಕೆಂಡಿಗೆ 50 ಸಲ ತೂಗಾಡುವ ಮನೆಯ ವಿದ್ಯುತ್ತು ನಮ್ಮ ಮೈಯನ್ನೂ ಸೋಂಕುತ್ತದೆ. ಮೊದಲ ದಿನ ಸ್ಪೀಕರಿನಲ್ಲಿ ಕೇಳಿಸಿದ್ದು ಗುಂಯ್ ಎಂಬ ಒಂದೇ ಶ್ರುತಿ. ತಂಬೂರಿಗಳನ್ನು ಮಾಡುವ ಮಿರಜದ ಮಕ್ಕಳಿಗೆ ಹೋಲಿಕೆ ಹುಡುಕುವ ಶ್ರಮವಿರಲಿಲ್ಲ! ಆದರೆ ಈ ಶ್ರುತಿ ಎರಡೂ ಬಿಲ್ಲೆಗಳಿಗೆ ಬಹುಮಟ್ಟಿಗೆ ಸಮನಾಗಿ ಬರುತ್ತದೆ. ಸ್ನಾಯುವಿನ ಅಲೆಯೋ ಒಂದೊಂದು ಬಿಲ್ಲೆಯನ್ನು ಬೇರೆ ಬೇರೆ ಕ್ಷಣದಲ್ಲಿ ಮುಟ್ಟುತ್ತದೆ. ಚಿಪ್ಪು ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಸಮನಾದುದು ಅಳಿದು, ವ್ಯತ್ಯಾಸ ಉಳಿಯುತ್ತದೆ. ವಜಾಬಾಕಿಯ ಲೆಕ್ಕದಿಂದ ಏನು ಪ್ರಯೋಜನವೆಂದು ಕೇಳುವವರು ಇದನ್ನು ಗಮನಿಸಬೇಕು. ತಂತಿಗಳನ್ನು ಹೆಣೆದು ಗಿಡ್ಡ ಮಾಡಿ, ಬಿಲ್ಲೆಗಳನ್ನು ಚೆನ್ನಾಗಿ ಒತ್ತಿದ ಮೇಲೆ, ಮುಷ್ಟಿ ಬಿಗಿದಾಗಲೆಲ್ಲ ಒಣ ಎಲೆಗಳ ಮೇಲೆ ಮಳೆ ಬಿದ್ದಂತಹ ಚರಚರ ಸದ್ದು ಕೇಳಿಸಿತು.

ಪಾಲಕರಲ್ಲಿ ಒಂದು ವಿನಂತಿ. ಬಿಲ್ಲೆಗಳು ಮೈಮೇಲಿರುವಾಗ ಲ್ಯಾಪ್‌ಟಾಪಿನ ಚಾರ್ಜರನ್ನಾಗಲಿ, ಗೋಡೆಯ ಪ್ಲಗ್ಗಿಗೆ ಸೇರಿದ ಯಾವುದೇ ಯಂತ್ರವನ್ನಾಗಲಿ ಜೋಡಿಸಕೂಡದು. ಅದು ಪ್ರಾಣಾಪಾಯದ ಮಾತು. ಹೃದಯಕ್ಕೆ ಪೇಸ್‌ಮೇಕರ್ ಇರಿಸಿಕೊಂಡವರ ಮೇಲೆ ಈ ಪ್ರಯೋಗ ಬೇಡ. ಅಜ್ಜನ ಕೈ ಸೋತಿದೆಯೆಂದು ಇದರಿಂದ ರೋಗ ನಿರ್ಣಯಿಸಲೂ ಹೋಗಬಾರದು. ವೈದ್ಯರು ಸ್ನಾಯುವಿನೊಳಕ್ಕೆ ಸಣ್ಣ ಸೂಜಿಯನ್ನಿಟ್ಟು ಮಾಡುವ ಪರೀಕ್ಷೆಯೇ ಬೇರೆ. 1962ರಲ್ಲಿಯೇ ಸರಕಾರಿ ವೈದ್ಯಕೀಯ ಕಾಲೇಜು ತೆರೆದ ಮಿರಜದಲ್ಲಿ ವೈದ್ಯರಿಗೆ ಬರವಿಲ್ಲ.

ವಿದ್ಯಾರ್ಥಿಗಳು ಮುಂದೆ ಮಾಡತಕ್ಕ ಪ್ರಯೋಗವೊಂದುಂಟು. ನೀರು ತುಂಬಿದ ತಂಬಿಗೆಯನ್ನು ಮೊಣಕೈ ಮಡಿಸಿ ಎತ್ತಿ ಹಿಡಿದು, ತೋಳಿನ ಅಲೆಗಳನ್ನು ಮೊದಲ ನಿಮಿಷದಲ್ಲೊಮ್ಮೆ, ಕೈ ಸೋಲುವಾಗೊಮ್ಮೆ ದಾಖಲಿಸಿರಿ. ಆಯಾಸವಾದಂತೆ ಅಲೆಗಳು ಸಾಮಾನ್ಯವಾಗಿ ದೊಡ್ಡವಾಗಿಯೂ ನಿಧಾನವಾಗಿಯೂ ತೋರುತ್ತವೆ. ಎಡಗೈಗೂ ಬಲಗೈಗೂ ಇದರಲ್ಲಿ ಅಂತರವೆಷ್ಟೆಂಬುದನ್ನು ಅಳೆದು ತಂದವರ ನಕಾಶೆಯನ್ನು ಪ್ರಯೋಗಶಾಲೆಯ ಗೋಡೆಗೆ ತೂಗುಹಾಕುವೆವು.