ಹಳೆಯ ಪಿಕಪ್ ಗಾಡಿಯ ಬ್ರೇಕು: ಅಲ್ಪ ಖರ್ಚಿನ ಸುಧಾರಣೆ

ಗಾಡಿ ಓಡಿಸುವುದು ದೊಡ್ಡದಲ್ಲ, ನಿಲ್ಲಿಸುವುದು ದೊಡ್ಡದು ಎಂದು ನಮ್ಮ ತಂದೆಯವರು ಹೇಳುವುದುಂಟು. ಯಲಹಂಕದ ಆಚೆಯ ನಮ್ಮ ಹಳ್ಳಿಯಿಂದ ಯಶವಂತಪುರದ ಮಾರುಕಟ್ಟೆಗೆ ಜೀಪು ಮಾದರಿಯ ಹಳೆಯ ಪಿಕಪ್ಪಿನಲ್ಲಿ ಸರಕು ಸಾಗಿಸಿ ಅವರು ನಮ್ಮನ್ನು ಸಾಕಿದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಬಿ.ಎ. ವಿದ್ಯಾರ್ಥಿಗೆ ಬ್ರೇಕಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಾರಣವನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಕಳೆದ ವರ್ಷ ಹೆಬ್ಬಾಳದ ಮೇಲುಸೇತುವೆಯ ಇಳಿಜಾರಿನಲ್ಲಿ ಪೆಡಲು ನೆಲ ಮುಟ್ಟಿತು, ಗಾಡಿ ನಿಲ್ಲಲಿಲ್ಲ. ತಂದೆಯವರು ಗೇರು ಇಳಿಸಿ, ಕೈಬ್ರೇಕು ಎಳೆದು, ಹೇಗೋ ಬದಿಗೆ ತಂದರು. ಪಕ್ಕದಲ್ಲಿ ನಾನಿದ್ದೆ. ಗ್ಯಾರೇಜಿನಲ್ಲಿ ಬಿಚ್ಚಿದಾಗ ಮಾಸ್ಟರ್ ಸಿಲಿಂಡರಿನ ರಬ್ಬರುಗಳು ಊದಿ ಮೆತ್ತಗಾಗಿದ್ದವು. ಬ್ರೇಕ್ ಆಯಿಲ್ ಇಳಿದಾಗ ತಂದೆಯವರು ಮನೆಯಲ್ಲಿದ್ದ ಎಂಜಿನ್ ಆಯಿಲನ್ನೇ ತುಂಬಿದ್ದರು. ಬೇರೆ ಎಣ್ಣೆ ಬೆರೆಸಬಾರದೆಂಬ ಎಚ್ಚರಿಕೆ ಬ್ರೇಕ್ ಆಯಿಲಿನ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿತ್ತು. ಅದನ್ನು ಓದಬಲ್ಲವನು ಮನೆಯಲ್ಲಿ ನಾನೊಬ್ಬನೇ, ನಾನು ಓದಿರಲಿಲ್ಲ.

ಓಡುವ ಗಾಡಿಯ ವೇಗ ಇಮ್ಮಡಿಯಾದರೆ ಅದರ ಚಲನಶಕ್ತಿ ನಾಲ್ಮಡಿಯಾಗುತ್ತದೆ. ಬ್ರೇಕು ಆ ಶಕ್ತಿಯನ್ನು ಘರ್ಷಣೆಯಿಂದ ಶಾಖವಾಗಿಸಿ ಗಾಳಿಗೆ ಬಿಡುತ್ತದೆ. ಕಾಲಿನ ಒತ್ತಡವು ದ್ರವದ ಮೂಲಕ ಚಕ್ರಗಳಿಗೆ ಮುಟ್ಟುವುದು 17ನೆಯ ಶತಮಾನದ ಪಾಸ್ಕಲನ ನಿಯಮದಂತೆ. ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆಯು ವಿಲ್ಲೀಸ್ ಜೀಪುಗಳ ಜೋಡಣೆಗೆ ತೊಡಗಿದ್ದು 1940ರ ದಶಕದ ಕೊನೆಯಲ್ಲಿ. ಆ ಕಾಲದ ಜೀಪುಗಳಿಗೆ ನಾಲ್ಕೂ ಚಕ್ರಗಳಲ್ಲಿ 9 ಅಂಗುಲದ ಡ್ರಮ್ ಬ್ರೇಕು, ಒಂದೇ ಕೋಣೆಯ ಮಾಸ್ಟರ್ ಸಿಲಿಂಡರು. ಡ್ರಮ್ಮು ಕಾದರೆ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಪೆಡಲು ಆಳಕ್ಕೆ ಹೋಗುತ್ತದೆ.

ಸುಧಾರಣೆಯನ್ನು ಅಗ್ಗದಿಂದ ದುಬಾರಿಯ ಕಡೆಗೆ ನಾಲ್ಕು ಹಂತಗಳಾಗಿ ಎಣಿಸಬಹುದು.

ಮೊದಲನೆಯದು, ಇರುವುದನ್ನು ನೆಟ್ಟಗೆ ಮಾಡುವುದು. ಲೈನಿಂಗು, ರಬ್ಬರ್ ಕಿಟ್ಟು, ಹೋಸು ಬದಲಿಸಿ ಶೂಗಳನ್ನು ಅಡ್ಜಸ್ಟ್ ಮಾಡಿಸಬೇಕು. ಡ್ರಮ್ಮು ಗೀರು ಬಿದ್ದಿದ್ದರೆ ಮಿತಿ ಮೀರದಂತೆ ಲೇತಿನಲ್ಲಿ ತಿರುವಿಸಬೇಕು. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರಬಹುದಾದ್ದರಿಂದ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಎರಡನೆಯದು ಬ್ರೇಕ್ ಆಯಿಲು. ಇದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದಾಗ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155. ಕುದಿದರೆ ಆವಿಯ ಗುಳ್ಳೆಗಳು ಏಳುತ್ತವೆ. ಗುಳ್ಳೆ ಕುಗ್ಗುತ್ತದೆ, ದ್ರವ ಕುಗ್ಗುವುದಿಲ್ಲ. ಆದುದರಿಂದ ಕಾಲಿನ ಒತ್ತಡ ಗುಳ್ಳೆಯಲ್ಲೇ ವ್ಯರ್ಥವಾಗುತ್ತದೆ. ಕೆಲವು ನೂರು ರೂಪಾಯಿಗಳ ಹೊಸ ದ್ರವ ಇಡೀ ಸಂಸಾರವನ್ನು ಉಳಿಸಬಲ್ಲುದು.

ಮೂರನೆಯದು ಎರಡು ಕೋಣೆಯ ಮಾಸ್ಟರ್ ಸಿಲಿಂಡರು. ಮುಂದಿನ ಚಕ್ರಗಳಿಗೊಂದು, ಹಿಂದಿನವುಗಳಿಗೊಂದು ಪೈಪಿನ ದಾರಿ. ಒಂದು ಕಡೆ ಸೋರಿದರೂ ಇನ್ನೊಂದು ಕೆಲಸ ಮಾಡುತ್ತದೆ. ಇದರ ಅಳತೆ ಹೊಂದಿಸಲು ಅನುಭವಸ್ಥ ಮೆಕ್ಯಾನಿಕ್ಕೇ ಬೇಕು.

ನಾಲ್ಕನೆಯದು ಮುಂದಿನ ಚಕ್ರಗಳಿಗೆ ಡಿಸ್ಕು. 1953ರಲ್ಲಿ ಲೆ ಮಾನ್ಸ್ ಪಂದ್ಯವನ್ನು ಗೆದ್ದ ಜಾಗ್ವಾರ್ ಕಾರಿಗೆ ಇದ್ದುದು ಡಿಸ್ಕ್ ಬ್ರೇಕು. ಗಾಳಿಗೆ ತೆರೆದಿರುವುದರಿಂದ ಅದು ಬೇಗ ಆರುತ್ತದೆ. ಆದರೆ ಹೆಚ್ಚು ಒತ್ತಡ ಬೇಡುವುದರಿಂದ ಬೂಸ್ಟರು ಬೇಕು. ಡೀಸೆಲ್ ಎಂಜಿನ್ನಾದರೆ ಅದಕ್ಕೆ ವ್ಯಾಕ್ಯೂಮ್ ಪಂಪೂ ಬೇಕು. ಅಲ್ಲದೆ 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಕಲಮು ಗಾಡಿಯ ಮಾರ್ಪಾಟಿಗೆ ಮಿತಿ ಹಾಕಿದೆ. ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ನಾವು ಮೂರನೆಯ ಹಂತಕ್ಕೇ ನಿಂತೆವು. ನನ್ನ ವಿದ್ಯಾರ್ಥಿವೇತನದ ಹಣ ಅದಕ್ಕೆ ಹೋಯಿತು. ತಂದೆಯವರು, "ಪುಸ್ತಕದ ದುಡ್ಡಲ್ಲವೇನಪ್ಪಾ ಅದು?" ಎಂದು ನೊಂದರು. ಓದಿದ್ದು ಮನೆಗೆ ಒದಗದಿದ್ದರೆ ಪುಸ್ತಕವಿದ್ದು ಏನು ಫಲ? ಎಣ್ಣೆ ಬೆರೆತಿದ್ದುದರಿಂದ ರಬ್ಬರುಗಳನ್ನೆಲ್ಲ ಬದಲಿಸಿ, ಪೈಪುಗಳನ್ನು ತೊಳೆಸಿ, ಗಾಳಿ ತೆಗೆಸಿ, ಖಾಲಿ ಗಾಡಿಯನ್ನು ಊರಿನ ನಿರ್ಜನ ರಸ್ತೆಯಲ್ಲಿ ಪರೀಕ್ಷಿಸಿದ ಮೇಲೆಯೇ ಸರಕು ಹೇರಿದೆವು.

ಈಗ ಬಾನೆಟ್ಟಿನ ಒಳಗೆ ನಾನು ಕನ್ನಡದಲ್ಲಿ ಬರೆದು ಅಂಟಿಸಿದ ಚೀಟಿಯೊಂದಿದೆ: "ಇದಕ್ಕೆ ಬ್ರೇಕ್ ಆಯಿಲ್ ಮಾತ್ರ." ತಂದೆಯವರು ಅದನ್ನು ಓದಿಕೊಂಡೇ ಮುಚ್ಚಳ ತೆಗೆಯುತ್ತಾರೆ. ಸಹಪಾಠಿಗಳೇ, ನಿಮ್ಮ ಮನೆಯಲ್ಲೂ ಓದುವವರಿಗಾಗಿ ಕಾದಿರುವ ಡಬ್ಬಿಗಳಿರಬಹುದು. ಇಂದೇ ಹೋಗಿ ಓದಿ ಹೇಳಿರೆಂದು ನನ್ನ ಬಿನ್ನಹ.